ಗೌನಿಪಲ್ಲಿಯ ಫೋಲ್ಡರ್

"ಸ್ವಲ್ಪ ಆ ಕಡೆ ತಿರುಗ್ಕೊಳ್ಳಿ," ಎಂದಳು ತ್ರಿವೇಣಿ.

ಕಾಂತರಾಜ್‌ಗೆ ನಗು ಬಂತು. "ಡಿಸ್ಕಿಗೆ ಬೀಗ ಹಾಕೋದು ಹೇಳ್ಕೊಡ್ತಿರೋನೇ ನಾನು. ನನ್ನಿಂದಾನೇ ಮುಚ್ಚಿಡ್ತೀಯಾ?"

"ಇದ್ರಲ್ಲಿರೋದು ನಂದಲ್ಲ ರೀ. ನನ್ನ ನಂಬಿ ಹೇಳ್ಕೊಂಡೋರದ್ದು."

ಅವನು ಗೋಡೆಯ ಕಡೆ ಮುಖ ಮಾಡಿ ಕೂತ. ಅವಳು ಉದ್ದನೆಯ ಪಾಸ್‌ವರ್ಡ್ ಒತ್ತಿದಳು. ತ್ರಿವೇಣಿ ಕೋಲಾರದ ಒಂದು ಮಹಿಳಾ ಸಹಾಯ ಕೇಂದ್ರದಲ್ಲಿ ಆಪ್ತಸಮಾಲೋಚಕಿ. ಗಂಡನ ಮನೆಯಲ್ಲಿ ಏಟು ತಿಂದ ಹೆಂಗಸರು ಹೇಳಿಕೊಂಡದ್ದನ್ನೆಲ್ಲ ಮುಳಬಾಗಿಲಿನ ತನ್ನ ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದಳು. ಹೋದ ವಾರ ಅದು ಎರಡು ದಿನ ಕೆಟ್ಟು ಕೂತಾಗ ಅವಳಿಗೆ ಅನ್ನ ಸೇರಿರಲಿಲ್ಲ. ಐಟಿಐನಲ್ಲಿ ಪಾಠ ಹೇಳುವ ಗಂಡ ಕಾಂತರಾಜ್ ಹೇಗೋ ಅದನ್ನು ಸರಿಮಾಡಿ, ಈ ಭಾನುವಾರ ಎರಡು ಹೊಸ ಹಾರ್ಡ್ ಡಿಸ್ಕ್ ತಂದಿದ್ದ. ಒಂದು ಮನೆಯ ಬೀರುವಿಗೆ, ಇನ್ನೊಂದು ಬ್ಯಾಂಕಿನ ಲಾಕರಿಗೆ. ಎರಡೂ ಯಾರ ಕೈಗೆ ಸಿಕ್ಕರೂ ಪಾಸ್‌ವರ್ಡ್ ಇಲ್ಲದೆ ತೆರೆಯಬಾರದು.

ನಕಲು ಶುರುವಾಯಿತು. ತಾರಸಿಯಲ್ಲಿ ಒಣಹಾಕಿದ್ದ ಮಾವಿನಕಾಯಿ ಹೋಳು ತಿರುವಿ ಹಾಕಲು ತ್ರಿವೇಣಿ ಮೇಲೆ ಹೋದಳು. ಪರದೆಯ ಮೇಲೆ ಫೋಲ್ಡರುಗಳ ಹೆಸರುಗಳು ಒಂದೊಂದಾಗಿ ಸರಿಯುತ್ತಿದ್ದವು. ಮಾಲೂರು, ದೇವರಾಯಸಮುದ್ರ, ಕುರುಡುಮಲೆ. ಆಮೇಲೆ, 'ಗೌನಿಪಲ್ಲಿ – ಸುನಂದ'.

ಗೌನಿಪಲ್ಲಿಗೆ ಕೊಟ್ಟಿರುವ ಅವನ ತಂಗಿಯ ಹೆಸರು ಸುನಂದ.

ಕಂಪ್ಯೂಟರಿಗಿನ್ನೂ ಬೀಗ ಬಿದ್ದಿರಲಿಲ್ಲ. ಫೋಲ್ಡರ್ ಹುಡುಕಿ ತೆಗೆದ. ಒಳಗೆ ಮೂರು ಧ್ವನಿಮುದ್ರಿಕೆ, ಸಂಕ್ರಾಂತಿಯ ಮಾರನೆಯ ದಿನದವು. ಹಬ್ಬಕ್ಕೆ ಬಂದವಳು ಎಳ್ಳು ಬೀರಿ, ನಗುನಗುತ್ತಲೇ ರಾತ್ರಿ ಇಲ್ಲೇ ಮಲಗಿದ್ದಳು. ನನ್ನ ಮನೆಯಲ್ಲೇ ಇದ್ದು ನನಗೇಕೆ ಹೇಳಲಿಲ್ಲ? ಮೌಸಿನ ಮೇಲೆ ಬೆರಳು ಬಿಗಿಯಿತು. ಎರಡು ವರ್ಷದ ಹಿಂದೆ ಅವಳು ಅಳುತ್ತ ಫೋನ್ ಮಾಡಿದ್ದು ಆಗ ನೆನಪಿಗೆ ಬಂತು. ಅವಳು ಮಾತು ಮುಗಿಸುವ ಮೊದಲೇ, "ಸಂಸಾರ ಅಂದ್ಮೇಲೆ ಇರುತ್ತಮ್ಮ, ಹೊಂದ್ಕೊಂಡು ಹೋಗು," ಎಂದು ತಾನೇ ಹೇಳಿದ್ದ.

ಬೆರಳು ಎತ್ತಿಬಿಟ್ಟ.

ಕೆಳಗೆ ಬಂದ ತ್ರಿವೇಣಿ ಪರದೆ ನೋಡಿದಳು, ಅವನ ಮುಖ ನೋಡಿದಳು. "ಕೇಳಿದ್ರಾ?"

"ಇಲ್ಲ. ಅವಳ ಗಂಡ ಹೊಡೀತಾನಾ?"

"ನನ್ನ ಕೇಳ್ಬೇಡಿ."

"ನನ್ನ ತಂಗಿ ಕಣೇ ಅವಳು!"

"ಗೊತ್ತು. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ." ತ್ರಿವೇಣಿಯ ಕಣ್ಣು ತುಂಬಿತ್ತು.

ಕಾಂತರಾಜ್ ಫೋಲ್ಡರ್ ಮುಚ್ಚಿದ. ಎರಡನೇ ಡಿಸ್ಕಿಗೂ ನಕಲು ಮಾಡಿ, ಕಂಪ್ಯೂಟರಿಗೂ ಬೀಗ ಹಾಕಿಸಿದ. ಆಮೇಲೆ ಫೋನ್ ಹಿಡಿದು ತಾರಸಿಗೆ ಹೋದ.

"ಊಟ ಆಯ್ತೇನಮ್ಮ?"

"ಆಯ್ತಣ್ಣ. ಏನು ಇದ್ದಕ್ಕಿದ್ದಂಗೆ?" ಸುನಂದಳ ದನಿ ಎಂದಿನಂತೆಯೇ ಇತ್ತು.

"ನಾಳೆ ಬರೋಣ ಅಂತ ಇದ್ದೀನಿ."

"ಅತ್ತಿಗೆ ಏನಾದ್ರೂ ಅಂದ್ರಾ?"

"ಫೋಲ್ಡರ್ ಮೇಲೆ ನಿನ್ನ ಹೆಸರು ಕಣ್ಣಿಗೆ ಬಿತ್ತು ಕಣಮ್ಮ, ಅಷ್ಟೇ. ಒಳಗಿರೋದನ್ನ ಕೇಳಲಿಲ್ಲ. ಅತ್ತಿಗೆ ನಾನು ಎಷ್ಟು ಕೇಳಿದ್ರೂ ಬಾಯಿ ಬಿಡಲಿಲ್ಲ."

ಫೋನಿನ ಆ ಕಡೆ ಬಾಗಿಲು ಮುಚ್ಚಿ ಚಿಲಕ ಹಾಕಿದ ಸದ್ದಾಯಿತು.

"ನಾಳೆವರೆಗೂ ಬೇಡಣ್ಣ, ಈಗಲೇ ಹೇಳ್ತೀನಿ," ಎಂದಳು ಸುನಂದ, ದನಿ ತಗ್ಗಿಸಿ. "ಮಧ್ಯೆ ಮಾತ್ರ ಬಾಯಿ ಹಾಕ್ಬೇಡ."