ಬಿಳಿ ಜೀಪಿನ ಬಾಗಿಲು

ಜೀಪಿನ ಬಾಗಿಲಿಗೆ ಉಪ್ಪುಕಾಗದ ಉಜ್ಜುತ್ತಿದ್ದ ಪೇಂಟರನ ಕೈ ತಟಕ್ಕನೆ ನಿಂತಿತು. ಯಾರೋ ಅವಸರದಲ್ಲಿ ಮೆತ್ತಿದ್ದ ಪುಟ್ಟಿ ಉದುರಿ, ಕಿರುಬೆರಳು ತೂರುವಷ್ಟು ತೂತು ಕಂಡಿತು. ಪಕ್ಕದಲ್ಲೇ ಇನ್ನೊಂದು. ತುಸು ಕೆಳಗೆ ಮೂರನೆಯದು. ಮೂರೂ ಡ್ರೈವರ್ ಕೂರುವ ಕಡೆ, ಪಕ್ಕೆಲುಬಿನ ಎತ್ತರಕ್ಕೆ.

ವಿಶ್ವಸಂಸ್ಥೆಯ ಪರವಾಗಿ ಪರದೇಶದಲ್ಲಿ ಶಾಂತಿ ಕಾಯಲು ಹೋಗಿದ್ದ ಸೇನೆಯ ಮೊದಲ ತುಕಡಿಯ ಜೊತೆ ಮರಳಿ ಬಂದ ಜೀಪು ಅದು. ಗುರುವಾರ ಎರಡನೆಯ ತುಕಡಿಯೊಂದಿಗೆ ಮತ್ತೆ ಹಡಗು ಹತ್ತಬೇಕು. ಅದರ ಡ್ರೈವರ್ ಎಂದು ಪಟ್ಟಿಯಲ್ಲಿದ್ದದ್ದು ಪೇಂಟರನ ಅಳಿಯನ ಹೆಸರು.

“ಇದೇನ್ ಸಾರ್?” ಪೇಂಟರ್ ಸೂಪರ್‌ವೈಸರನನ್ನು ಕೇಳಿದ.

“ನೋಡಿದ್ರೆ ಗೊತ್ತಾಗಲ್ವಾ? ಪುಟ್ಟಿ ಮೆತ್ತಿ ಬಿಳಿ ಹೊಡಿ.”

“ಆಗ ಓಡಿಸ್ತಿದ್ದ ಹುಡುಗ?”

ಸೂಪರ್‌ವೈಸರ್ ಮುಂದಿನ ಲಾರಿಯತ್ತ ನಡೆದುಬಿಟ್ಟ.

ಪೇಂಟರ್ ಗುಂಡಿನ ತೂತಿಗೆ ಕಿರುಬೆರಳು ತೂರಿಸಿ ನೋಡಿದ. ಬೆಳಿಗ್ಗೆಯಷ್ಟೇ ತುಂಬು ಬಸುರಿ ಮಗಳು, “ಬಿಳಿ ಗಾಡಿ ಕಂಡ್ರೆ ಯಾರೂ ಗುಂಡು ಹಾರಿಸಲ್ಲ ಅಲ್ವಾ ಅಪ್ಪ?” ಎಂದು ಕೇಳಿದ್ದಳು. “ಅದಕ್ಕೇ ಅಲ್ವೇನಮ್ಮ ಬಿಳಿ ಹೊಡೆಯೋದು” ಎಂದು ಎಲ್ಲ ಬಲ್ಲವನಂತೆ ಹೇಳಿ ಬಂದಿದ್ದ. ಈಗ ಬ್ರಷ್ ಕೆಳಗಿಟ್ಟ. ಹಸಿರು ಬೆಟ್ಟದ ನಡುವೆ ಬಿಳಿ ಗಾಡಿ ಎಷ್ಟು ದೂರಕ್ಕೆ ಕಾಣುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಊಟದ ಬಿಡುವಿನಲ್ಲಿ ವೆಲ್ಡರನ ಮುಂದೆ ಹೋಗಿ ನಿಂತ.

“ಇಷ್ಟು ದಪ್ಪದ್ದು ಇರೋದು ಇದೊಂದೇ ಪ್ಲೇಟು,” ವೆಲ್ಡರ್ ಗುಜರಿ ರಾಶಿಯಿಂದ ಎಳೆದುಕೊಟ್ಟ. “ಯಾರಾದ್ರೂ ಕೇಳಿದ್ರೆ ನಾನು ಕೊಟ್ಟಿಲ್ಲ.”

ಬಾಗಿಲಿನ ಒಳಮೈ ಬಿಚ್ಚಿ, ಉಕ್ಕಿನ ಪ್ಲೇಟು ಕೂರಿಸಿ, ಕಳ್ಳನಂತೆ ಅತ್ತಿತ್ತ ನೋಡುತ್ತ ಬೋಲ್ಟು ಬಿಗಿದ. ಹೊರಗೆ ಪುಟ್ಟಿ ತುಂಬಿ, ಉಜ್ಜಿ, ಎರಡು ಕೈ ಬಿಳಿ ಹೊಡೆದ. ಬಾಗಿಲು ಹಾಲಿನಂತೆ ನುಣುಪಾಯಿತು.

ಮರುದಿನ ಜೀಪು ಒಯ್ಯಲು ಅಳಿಯ ಬಂದ. ಬಾಗಿಲು ಎಳೆದವನು ಹುಬ್ಬು ಗಂಟಿಕ್ಕಿದ.

“ಯಾಕೋ ಭಾರ ಇದೆ ಮಾವ.”

“ಕೀಲಿಗೆ ಎಣ್ಣೆ ಬಿಟ್ಟಿದೀನಿ. ಓಡಾಡ್ತಾ ಸರಿಹೋಗುತ್ತೆ.”

ಅಳಿಯ ಬೆರಳ ಗೆಣ್ಣಿನಿಂದ ಬಾಗಿಲನ್ನು ಎರಡು ಸಲ ತಟ್ಟಿದ. ಟೊಳ್ಳು ಸದ್ದು ಬರಲಿಲ್ಲ. ಮಾವನ ಮುಖವನ್ನೊಮ್ಮೆ ನೋಡಿದ. ಜೀಪನ್ನು ಸುತ್ತಿ ಆಚೆ ಬದಿಗೆ ಹೋಗಿ ಅಲ್ಲಿನ ಬಾಗಿಲನ್ನೂ ತಟ್ಟಿದ. ತಗಡು ಡಬಡಬ ಎಂದಿತು.

“ಈ ಬಾಗಿಲಿಗೂ ಅದೇ ಎಣ್ಣೆ ಬಿಡಿ ಮಾವ,” ಎಂದ ಮೆಲ್ಲಗೆ. “ಇಲ್ಲೂ ಒಬ್ಬ ಕೂತ್ಕೋತಾನೆ.”