ಆರ್ಬೇಟ್ ಎಂಬ ಪದ

ಧಾರವಾಡದ ಪದಚಿಕಿತ್ಸಾಲಯದಲ್ಲಿ ದುಃಖವನ್ನು ಒಂದು ಪದಕ್ಕೆ ಕಟ್ಟಿಸಿ, ಆಮೇಲೆ ಆ ಪದದ ಜೊತೆಗೇ ಮನಸ್ಸಿನಿಂದ ಕಿತ್ತು ತೆಗೆಯುತ್ತಿದ್ದರು. ಅದಕ್ಕೆ ಅಪರೂಪದ ಪದಗಳನ್ನೇ ಕೊಡುತ್ತಿದ್ದರು. ದಿನಬಳಕೆಯ ಪದವನ್ನು ಮನಸ್ಸಿನಿಂದ ಕಿತ್ತರೆ ಬದುಕಿಗೆ ಬೇಕಾದದ್ದೂ ಅದರ ಜೊತೆ ಹೋಗಿಬಿಡುತ್ತಿತ್ತು. ಮಗಳು ಚಾರು ಕೆರೆಯಲ್ಲಿ ಮುಳುಗಿ ತೀರಿಕೊಂಡ ಮೇಲೆ ಇಂದುಮತಿಗೂ ಅವಳ ಗಂಡ ವಿರೂಪಾಕ್ಷನಿಗೂ ಸಿಕ್ಕಿದ್ದು 'ಆರ್ಬೇಟ್'. ಮಕ್ಕಳನ್ನು ಕಳೆದುಕೊಂಡ ಎಂಬರ್ಥದ, ಹಳೆಯ ಪುಸ್ತಕಗಳಲ್ಲಷ್ಟೇ ಉಳಿದ ಇಂಗ್ಲಿಷ್ ವಿಶೇಷಣ.

ಮಳೆಗಾಲವಿಡೀ ಇಬ್ಬರೂ ಅದನ್ನು ಬಳಸಿ ವಾಕ್ಯ ಕಟ್ಟಿದರು. "ಆರ್ಬೇಟ್ ಅಂಗಳದಾಗ ಚಾರೂನ ಸೈಕಲ್ ನಿಂತದ," ಎನ್ನುತ್ತಿದ್ದ ವಿರೂಪಾಕ್ಷ. ಅವಳ ಜಡೆ, ಜ್ವರ, ಹಟ ಎಲ್ಲವನ್ನೂ ಅವನು ಆ ಪದಕ್ಕೇ ಜೋಡಿಸಿದ.

ಇವತ್ತು ಪದ ಕೀಳಿಸಿಕೊಳ್ಳಲು ಮೊದಲು ಒಳಗೆ ಹೋದವನು ಅವನೇ. ಹೊರಬಂದಾಗ ಮುಖ ಹಗುರಾಗಿತ್ತು.

"ಭಾಳ ಹಸಿವಾಗೇದ. ಗಿರಮಿಟ್ ತಿನ್ನೂಣೇನು?"

ಮಗಳು ಹೋದಾಗಿನಿಂದ ಅವನು ಬಾಯಿಬಿಟ್ಟು ಏನನ್ನೂ ಕೇಳಿರಲಿಲ್ಲ.

"ಚಾರೂಗೂ ಗಿರಮಿಟ್ ಅಂದ್ರ ಜೀವ ಇತ್ರೀ," ಎಂದಳು ಇಂದುಮತಿ.

"ಯಾವ ಚಾರು?"

ಅಷ್ಟರಲ್ಲಿ ನರ್ಸ್ ಕರೆದಳು. "ಬರ್ರೀ ಅಕ್ಕಾರ, ನೋವೇನೂ ಆಗೂದಿಲ್ಲ."

ಇಂದುಮತಿ ಬಾಗಿಲ ತನಕ ಹೋಗಿ ನಿಂತಳು. "ನಾನೂ ಮರತರ, ಆಕಿ ಇದ್ದದ್ದು ಯಾರಿಗೆ ಗೊತ್ತಿರತದವಾ?" ಎಂದು ಹಿಂತಿರುಗಿದಳು.

ದಾರಿಯಲ್ಲಿ ಗಂಡನಿಗೆ ಆ ಹುಡುಗಿಯ ಕಥೆಯನ್ನು ಹುಟ್ಟಿನಿಂದ ಕೆರೆಯ ತನಕ ಹೇಳಿದಳು. ನಮ್ಮ ಮಗಳು ಎನ್ನಲು ಮಾತ್ರ ಬಾಯಿ ಬರಲಿಲ್ಲ. ಅವನು ರಸ್ತೆಯ ಬದಿಗೆ ನಿಂತು ಪೂರ್ತಿ ಕೇಳಿದ. ಕಣ್ಣು ಒದ್ದೆಯಾದವು.

"ಪಾಪ," ಎಂದ. "ಆ ಹುಡುಗಿ ಅವ್ವ ಈಗ ಹ್ಯಾಂಗಿದ್ದಾಳ?"