ಅದೇ ಕೊಟ್ಟರೆ ಅದೇ ಬರಬೇಕು

“ತಪ್ಪು ನಂದೇ ಅಂತ ಬರೆದು ಸಹಿ ಹಾಕಿ ಕೊಟ್ಟಿದ್ದೀನಲ್ಲ. ಇನ್ನೇನು ಬೇಕು ಮೇಷ್ಟ್ರೇ?” ಎಂದಳು ಶಿಷ್ಯೆ.

“ಸಾಲು ಬೇಕು,” ಎಂದರು ಮೇಷ್ಟ್ರು. “ತಪ್ಪು ಯಾವ ಸಾಲಿನಲ್ಲಿದೆಯೋ ಆ ಸಾಲು. ತೋರಿಸಿ.”

ಹದಿನೆಂಟು ವರ್ಷ ‘ನೀನು’ ಎಂದು ಕರೆದವಳನ್ನು ಅವರು ಆರು ವಾರದಿಂದ ‘ನೀವು’ ಎನ್ನುತ್ತಿದ್ದರು. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ.

ಉದ್ದನೆಯ ಮೇಜಿನ ಸುತ್ತ ನಾಲ್ವರು ಸದಸ್ಯರು. ಮೇಜಿನ ತುದಿಯಲ್ಲಿ, ಎಲ್ಲರೂ ಅಕ್ಕ ಎಂದೇ ಕರೆಯುವ ಅಧ್ಯಕ್ಷೆ. ಮೇಷ್ಟ್ರು ಯೌವನದಲ್ಲಿ ಕಟ್ಟಿದ ಕಂಪ್ಯೂಟರ್ ಭಾಷೆಗೆ ಇದೇ ಸಮಿತಿ ಕಾವಲು. ಅದಕ್ಕೆ ಒಂದು ಹೊಸ ಪದ ಸೇರಿಸಬೇಕಾದರೆ ಇವರು ಎರಡು ವರ್ಷ ಜಗಳವಾಡುತ್ತಾರೆ. ಈ ದಿನ ಅವರ ಮುಂದಿದ್ದದ್ದು ಒಂದು ಹೆಸರನ್ನು ಹೊಡೆದು ಹಾಕುವ ಕೆಲಸ. ಹಾಗೆ ಹೊಡೆದು ಹಾಕಿದರೆ ಶಿಷ್ಯೆಗೆ ಈ ವಿದ್ಯೆಯಲ್ಲಿ ಬೇರೆಲ್ಲೂ ಅನ್ನ ಹುಟ್ಟುವುದಿಲ್ಲ.

ಮೇಷ್ಟ್ರ ಹೆಂಡತಿಗೆ ಶ್ವಾಸಕೋಶದ ಕಾಯಿಲೆ. ಹಾಸಿಗೆಯ ಪಕ್ಕದಲ್ಲಿ ಉಸಿರನ್ನು ಎಣಿಸುವ ಒಂದು ಯಂತ್ರ. ಉಸಿರು ತಗ್ಗಿದರೆ ಮನೆಯೆಲ್ಲ ಎದ್ದು ಕೂರುವಂತೆ ಅದು ಅಲಾರಂ ಕೂಗಬೇಕು. ಆಮ್ಲಜನಕ ಹಿಡಿದು ಆಂಬುಲೆನ್ಸ್ ಕರೆದರೆ ಜೀವ ಉಳಿಯುತ್ತದೆ. ಹಿಂದೆ ಎರಡು ಸಲ ಹಾಗೆಯೇ ಉಳಿದಿತ್ತು. ಅದರ ಪ್ರೋಗ್ರಾಮನ್ನು ಮೇಷ್ಟ್ರ ಭಾಷೆಯಲ್ಲಿ ಬರೆದವಳು ಶಿಷ್ಯೆ. ಆರು ವಾರದ ಹಿಂದಿನ ಆ ಮಧ್ಯಾಹ್ನ ಅಲಾರಂ ಕೂಗಲಿಲ್ಲ. ಕುರ್ಚಿಯಲ್ಲಿ ಒರಗಿದ್ದ ಮೇಷ್ಟ್ರಿಗೆ ಎಚ್ಚರವಾದಾಗ ಕಿಟಕಿಯ ಬಿಸಿಲು ಹೋಗಿತ್ತು. ಹೆಂಡತಿಯ ಕೈ ತಣ್ಣಗಾಗಿತ್ತು.

ಮೂರನೆಯ ದಿನ ಶಿಷ್ಯೆ ಬಂದು, ಯಾರನ್ನೂ ಕೇಳದೆ, ಯಂತ್ರವನ್ನು ಹೊತ್ತುಕೊಂಡು ಹೋದಳು. ಮಾರನೆಯ ದಿನ ಅವಳ ತಪ್ಪೊಪ್ಪಿಗೆಯ ಪತ್ರ ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ಎಂದುಕೊಂಡರು ಮೇಷ್ಟ್ರು.

ದೇವರ ಮೇಲೆ ದೂರು ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಆದ್ದರಿಂದ ಒಬ್ಬ ಮನುಷ್ಯ ಬೇಕಾಗಿತ್ತು.

“ಒಪ್ಪಿಕೊಂಡಿದ್ದಾಳಲ್ಲಪ್ಪಾ,” ಎಂದರು ಅಕ್ಕ. “ಹೆಸರು ತೆಗೆಯೋಣ, ಮುಗಿಸೋಣ. ಗಾಯ ಕೆರೆದರೆ ವಾಸಿ ಆಗುತ್ತಾ?”

“ನಮ್ಮ ಭಾಷೇಲಿ ಬಾಯಿಮಾತಿಗೆ ಯಾವತ್ತು ಬೆಲೆ ಇತ್ತು ಅಕ್ಕಾ?” ಮೇಷ್ಟ್ರು ಚೀಲದಿಂದ ಒಂದು ಪೆನ್‌ಡ್ರೈವ್ ತೆಗೆದರು. “ಯಂತ್ರ ಆಸ್ಪತ್ರೆಗೆ ಕಳಿಸಿದ್ದ ಆ ದಿನದ ಅಂಕಿಗಳು. ವೈದ್ಯರ ಹತ್ತಿರ ಬೇಡಿ ತಂದೆ.”

ಶಿಷ್ಯೆ ಎದ್ದು ನಿಂತಳು. “ಬೇಡ ಮೇಷ್ಟ್ರೇ. ಅಮ್ಮನಾಣೆ, ಬೇಡ.”

“ಅವಳ ಹೆಸರು ಎತ್ತಬೇಡಿ ನೀವು!”

ಶಿಷ್ಯೆ ಅಮ್ಮ ಎಂದು ಕರೆಯುತ್ತಿದ್ದ ಮೇಷ್ಟ್ರ ಹೆಂಡತಿಯನ್ನು ಅಲ್ಲಿದ್ದ ಎಲ್ಲರೂ ಬಲ್ಲರು. ಇವರೆಲ್ಲ ಮೇಷ್ಟ್ರ ಮನೆಯಲ್ಲಿ ಕುಳಿತು ವಾದ ಮಾಡುವಾಗ ಆಕೆ ಬಾಗಿಲಲ್ಲಿ ನಿಂತು, “ನಿಮ್ಮ ಭಾಷೇಲಿ ‘ಊಟಕ್ಕೆ ಏಳಿ’ ಅನ್ನೋಕೆ ಏನಂತೀರಿ? ಅದೊಂದು ಕಲಿಸಿಬಿಡಿ, ಸಾಕು,” ಎನ್ನುತ್ತಿದ್ದರು.

ಮೇಷ್ಟ್ರು ತಮ್ಮ ಲ್ಯಾಪ್‌ಟಾಪಿನಲ್ಲಿದ್ದ ಆ ಪ್ರೋಗ್ರಾಮಿನ ಪ್ರತಿಗೆ ಅಂಕಿಗಳನ್ನು ಕೊಟ್ಟರು. ಅವರ ಭಾಷೆಯ ಮೂಲಧರ್ಮ ಒಂದೇ: ಒಂದು ಪ್ರೋಗ್ರಾಮಿಗೆ ಇಂದು ಏನು ಕೊಟ್ಟು ಏನು ಪಡೆದಿರೋ, ನೂರು ವರ್ಷದ ಮೇಲೆ ಅದನ್ನೇ ಕೊಟ್ಟರೆ ಅದೇ ಬರಬೇಕು. ಕೈಯಾರೆ ಕೊಟ್ಟದ್ದಲ್ಲದೆ ಬೇರೇನೂ ಕದ್ದು ಒಳಗೆ ನುಸುಳುವಂತಿಲ್ಲ. ಅಂದು ಮೌನವಾಗಿದ್ದದ್ದು ಇಂದೂ ಮೌನವಾಗಿರಬೇಕು. ಆ ಮೌನವೇ ಸಾಕ್ಷಿ.

ತೆರೆಯ ಮೇಲೆ ಆ ಮಧ್ಯಾಹ್ನ ಸರಿಯಿತು. ಮೂರು ಗಂಟೆ. ಮೂರು ಐದು. ಮೂರು ಹತ್ತು.

ಅಲಾರಂ ಕೂಗಿತು.

ಮೇಷ್ಟ್ರು ಮತ್ತೆ ಅಂಕಿ ಕೊಟ್ಟರು. ಕೂಗಿತು. ಮೂರನೆಯ ಸಲವೂ ಕೂಗಿತು.

“ಕೂಗ್ತಾ ಇದೆಯಲ್ಲೇ!” ಎಂದರು ಮೇಷ್ಟ್ರು. ‘ನೀವು’ ಎಲ್ಲೋ ಉದುರಿಹೋಗಿತ್ತು. “ಇದರಲ್ಲಿ ತಪ್ಪೇ ಇಲ್ಲವಲ್ಲೇ!”

“ಎಲ್ಲೋ ಇರುತ್ತೆ. ನನ್ನ ಹೆಸರು ತೆಗೆದುಬಿಡಿ, ನಾನು ಹೋಗ್ತೀನಿ.”

“ಸುಮ್ನಿರು. ಅದೇ ಕೊಟ್ಟರೆ ಅದೇ ಬರಬೇಕು. ಬರಲಿಲ್ಲ ಅಂದ್ರೆ ನಾನು ಕೊಟ್ಟದ್ದು ಪೂರ್ತಿ ಇಲ್ಲ.” ಅವರು ಪ್ರೋಗ್ರಾಮಿನ ಮೊದಲ ಸಾಲಿಗೆ ಬೆರಳಿಟ್ಟರು. “ಇದು ಎರಡು ಕೇಳ್ತಾ ಇದೆ. ಒಂದು, ಉಸಿರಿನ ಅಂಕಿ. ಇನ್ನೊಂದು, ಕೂಗೋ ಮೊದಲೇ ಅಲಾರಂ ಬಂದ್ ಮಾಡೋ ಗುಂಡಿ ಯಾರಾದರೂ ಒತ್ತಿದ್ರಾ ಅನ್ನೋದು. ಆಸ್ಪತ್ರೆಗೆ ಮೊದಲನೇದು ಮಾತ್ರ ಹೋಗುತ್ತೆ. ಎರಡನೇದು ಯಂತ್ರದಲ್ಲೇ ಉಳಿಯುತ್ತೆ. ಯಂತ್ರ ನಿನ್ನ ಹತ್ತಿರ ಇದೆ.”

ಶಿಷ್ಯೆ ತನ್ನ ಲ್ಯಾಪ್‌ಟಾಪನ್ನು ಎದೆಯ ಕಡೆಗೆ ಎಳೆದುಕೊಂಡಳು.

“ನಾನೇ ಒತ್ತಿದೆನಾ?” ಮೇಷ್ಟ್ರ ದನಿ ಇಳಿಯಿತು. “ನಿದ್ದೆಗಣ್ಣಲ್ಲಿ ನಾನೇ ಏನಾದರೂ...?”

“ಇಲ್ಲ ಮೇಷ್ಟ್ರೇ. ದೇವರ ಸಾಕ್ಷಿ, ಇಲ್ಲ.”

“ಹಾಗಾದರೆ ತೋರಿಸು. ತಿಳಿಯದೆ ಸಾಯೋದಕ್ಕಿಂತ ತಿಳಿದು ಅಳ್ತೀನಿ.”

ಅವಳು ಅಕ್ಕನತ್ತ ನೋಡಿದಳು. ತೋರಿಸು ಎಂಬಂತೆ ಅಕ್ಕ ತಲೆಯಾಡಿಸಿದರು. ಶಿಷ್ಯೆ ಯಂತ್ರದ ದಾಖಲೆ ಇಳಿಸಿಕೊಂಡಿದ್ದ ತನ್ನ ಲ್ಯಾಪ್‌ಟಾಪನ್ನು ಮೇಷ್ಟ್ರ ಕಡೆ ತಿರುಗಿಸಿದಳು.

“ಕಾರಣ ಬರೆಯದೆ ಯಾರೂ ಅಲಾರಂ ನಿಲ್ಲಿಸೋ ಹಾಗಿಲ್ಲ ಅಂತ ನಿಯಮ ಇಟ್ಟಿದ್ದೆ,” ಎಂದಳು. “ಬರೆಯೋ ಹೊತ್ತಿಗೆ ಮನಸ್ಸು ಬದಲಾಗಲಿ ಅಂತ.”

ಒಂದೇ ನಮೂದು ಇತ್ತು. ವೇಳೆ, ಮೂರು ಗಂಟೆ ಎರಡು ನಿಮಿಷ. ಅಲಾರಂ ಕೂಗಬೇಕಾಗಿದ್ದ ಗಳಿಗೆಗೆ ಎಂಟು ನಿಮಿಷ ಮೊದಲು. ಒತ್ತಿದ್ದು, ಹಾಸಿಗೆಯಲ್ಲಿ ಮಲಗಿದವರ ಕೈಗೆ ಸಿಗುವ ಗುಂಡಿ. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಕಾರಣವನ್ನು ಓದಿದರು.

“ಮೂರು ರಾತ್ರಿ ಎದ್ದಿದ್ದು ಈಗ ತಾನೇ ಕಣ್ಣು ಮುಚ್ಚಿದ್ದಾರೆ. ಎಬ್ಬಿಸಬೇಡ.”